ಹೆಸರು ಬಿಟ್ಟು ಸರ್ವೆ ನಂಬರ್ ಹಿಡಿದಾಗ

ಮನೆತನದ ಜಮೀನಿನ ಹಿಂದುಮುಂದು ತಿಳಿಯಲು ಹೊರಟವರಲ್ಲಿ ಹೆಚ್ಚಿನವರು ತಾತನ ಹೆಸರು ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತಾರೆ. ಹಳೇ ಮೈಸೂರು ಸೀಮೆಯ ಕಂದಾಯ ದಾಖಲೆಗಳಲ್ಲಿ ಹೆಸರು ನೆಚ್ಚಿ ಹೋದರೆ ದಾರಿ ತಪ್ಪುವುದೇ ಹೆಚ್ಚು. ನಮ್ಮ ಕಡೆ ಮೊಮ್ಮಗನಿಗೆ ತಾತನ ಹೆಸರಿಡುವುದು ರೂಢಿ. ಹೆಸರಿನ ಮುಂದೆ ‘ಬಿನ್’ ಎಂದು ಸೇರಿಸಿ ತಂದೆಯ ಹೆಸರು ಬರೆದಿದ್ದರೂ ಅವೇ ಎರಡು ಹೆಸರುಗಳು ತಲೆಮಾರಿನಿಂದ ತಲೆಮಾರಿಗೆ ಅದಲುಬದಲಾಗುತ್ತಾ ಬರುತ್ತವೆ. ಹಳೆಯ ಪುಟವೊಂದರಲ್ಲಿ ಕಂಡವರು ಮುತ್ತಾತನೋ, ಮುತ್ತಾತನ ತಾತನೋ ಎಂದು ನಿರ್ಧರಿಸಲು ಹೆಸರು ಸಾಲದು. ಊರಿನ ಗ್ರಾಮನಕ್ಷೆಯನ್ನು ಎದುರಿಗಿಟ್ಟುಕೊಂಡು, ನಮ್ಮವರು ಉತ್ತ ಪ್ರತಿಯೊಂದು ಹೊಲದ ಸರ್ವೆ ನಂಬರನ್ನೂ ಗುರುತು ಹಾಕಿಕೊಂಡು, ಒಂದೊಂದೇ ನಂಬರನ್ನು ಹಿಂದಕ್ಕೆ ಹಿಂಬಾಲಿಸುವುದು ನಾನು ಕಂಡುಕೊಂಡ ದಾರಿ.

ನನ್ನ ಪಾಲಿಗೆ ಈ ಕೆಲಸ ಬಂದದ್ದು ಪೌತಿ ಖಾತೆಯ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಕಾರಣದಿಂದ. ತಂದೆ ತೀರಿಕೊಂಡ ಮೇಲೆ ನೋಡಿದರೆ ಮುಖ್ಯ ಹೊಲಗಳ ಖಾತೆ ಇನ್ನೂ ತಾತನ ಹೆಸರಿನಲ್ಲೇ ಇತ್ತು. ತಾತ ಹೋಗಿ ದಶಕಗಳೇ ಕಳೆದಿದ್ದವು. ಖಾತೆ ಬದಲಿಸುವುದಕ್ಕೆ ಬೇಕಾದ ಕಾಗದ ಕೆಲವೇ ಕೆಲವು. ಅಷ್ಟಕ್ಕೇ ನಿಲ್ಲಲು ನನ್ನಿಂದಾಗಲಿಲ್ಲ. ಮನೆಯಲ್ಲಿ ನಾನು ಚಿಕ್ಕಂದಿನಿಂದ ಕೇಳುತ್ತಾ ಬಂದ ಎರಡು ಮಾತುಗಳಿದ್ದವು. ಒಂದು, ಬೇವಿನಮರದ ಹೊಲ ನಮ್ಮದಾಗಿತ್ತು, ವಾರಕ್ಕೆ, ಅಂದರೆ ಬೆಳೆಯಲ್ಲಿ ಪಾಲು ಕೊಡುವ ಕರಾರಿನ ಮೇಲೆ, ಮಾಡುತ್ತಿದ್ದವರು ಕಾನೂನು ಬಂದಾಗ ಮೋಸದಿಂದ ಬರೆಸಿಕೊಂಡರು ಎಂಬುದು. ಇನ್ನೊಂದು, ಪಕ್ಕದ ಊರಿನ ಗಡಿಯಲ್ಲಿರುವ ಜೋಡಿಹೊಲವನ್ನು ತಾತ ಬೆವರು ಸುರಿಸಿ ದುಡ್ಡು ಕೂಡಿಹಾಕಿ ಕೊಂಡದ್ದು ಎಂಬುದು. ಈ ಎರಡನ್ನೂ ಕಾಗದದಲ್ಲಿ ನೋಡಬೇಕೆಂಬ ಆಸೆ ನನ್ನನ್ನು ಮುಂದಕ್ಕೆ ತಳ್ಳಿತು.

ಆರಂಭ ಇಂದಿನ ಪಹಣಿಯಿಂದ, ಅಂದರೆ ಹೊಲದ ಹಕ್ಕು ಮತ್ತು ಬೆಳೆಯ ವಿವರವಿರುವ ಕಂದಾಯ ದಾಖಲೆಯಿಂದ. ಪಹಣಿ ಕೈಗೆ ಬಂದೊಡನೆ ಎಲ್ಲರ ಕಣ್ಣೂ 9ನೇ ಕಾಲಂಗೆ ಹೋಗುತ್ತದೆ, ಸ್ವಾಧೀನದಾರರ ಹೆಸರು ಇರುವುದು ಅಲ್ಲಿ. ಹುಡುಕುವವರಿಗೆ ಅದಕ್ಕಿಂತ ಬೆಲೆಯುಳ್ಳದ್ದು 10ನೇ ಕಾಲಂ. ಹಕ್ಕು ಬಂದ ರೀತಿ ಅಲ್ಲಿರುತ್ತದೆ, ಜೊತೆಗೆ ಮ್ಯುಟೇಷನ್ (ಹಕ್ಕು ಬದಲಾವಣೆ) ನಂಬರ್ ಮತ್ತು ಅದರ ಸಾಲು, ಅಂದರೆ ವರ್ಷ. ಆ ನಂಬರ್ ಸಿಕ್ಕಿದರೆ ಎಂ.ಆರ್. (ಮ್ಯುಟೇಷನ್ ರಿಜಿಸ್ಟರ್) ಪುಸ್ತಕದಲ್ಲಿ ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಹಕ್ಕು ಹೋಯಿತು ಎಂಬುದನ್ನು ಓದಬಹುದು; ಅಲ್ಲಿಂದ ಹಿಂದಿನ ನಂಬರಿಗೆ ಹೋಗಬಹುದು. 2000ದ ಆಸುಪಾಸಿನಲ್ಲಿ ಭೂಮಿ ಯೋಜನೆಯಡಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕೀಕರಿಸಿದಾಗ, ಅಂದು ಪುಸ್ತಕದಲ್ಲಿ ಇದ್ದ ಸ್ಥಿತಿಯನ್ನು ಕಂಪ್ಯೂಟರಿಗೆ ಏರಿಸಿದರು. ಅದಕ್ಕೂ ಹಿಂದಿನ ಸಂಗತಿಗಳಿಗೆ ಕೈಬರಹದ ಪುಸ್ತಕಗಳೇ ಗತಿ. ನಮ್ಮ ಒಂದು ಹೊಲದ ಪಹಣಿಯಲ್ಲಿ 10ನೇ ಕಾಲಂ ಬರಿದಾಗಿತ್ತು. ಕೈಬರಹದ ಪುಟದಲ್ಲಿ ಮ್ಯುಟೇಷನ್ ನಂಬರ್ ಸ್ಪಷ್ಟವಾಗಿ ಇತ್ತು. ಗಣಕೀಕೃತ ಪಹಣಿಯಲ್ಲಿ ಖಾಲಿ ಜಾಗ ಕಂಡು ಹಿಂದಿರುಗಿದವರು ದಯವಿಟ್ಟು ಕೈಬರಹದ ಪಹಣಿಯನ್ನೂ ತೆಗೆಸಿ ನೋಡಿ.

ತಾಲ್ಲೂಕು ಕಚೇರಿಯ ಅಭಿಲೇಖಾಲಯಕ್ಕೆ ಅರ್ಜಿ ಕೊಡುವಾಗ ‘ನಮ್ಮ ಜಮೀನಿನ ಎಲ್ಲಾ ಹಳೆಯ ದಾಖಲೆ’ ಎಂದು ಬರೆದರೆ ಆ ಅರ್ಜಿ ಅಲ್ಲೇ ಕುಳಿತಿರುತ್ತದೆ. ಗ್ರಾಮ, ಹೋಬಳಿ, ಸರ್ವೆ ನಂಬರ್, ಹಿಸ್ಸಾ (ಆ ನಂಬರಿನ ಒಳಭಾಗ), ಯಾವ ದಾಖಲೆ, ಯಾವ ಸಾಲಿನಿಂದ ಯಾವ ಸಾಲಿನವರೆಗೆ, ಇಷ್ಟೂ ಬೇಕು. ಅಲ್ಲಿನ ಹಿರಿಯ ಸಿಬ್ಬಂದಿಯೊಬ್ಬರು ನನ್ನ ಮೊದಲ ಅರ್ಜಿಯನ್ನು ಓದಿ, “ಬರೀ ಪಹಣಿ ಕೇಳಿದರೆ ಅರ್ಧ ಕಥೆ ಸಿಗುತ್ತದೆ. ಐ.ಎಲ್., ಆರ್.ಆರ್. ಕೂಡ ಕೇಳಿ” ಎಂದರು. ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ಐ.ಎಲ್. ಎಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್.ಆರ್. ಎಂದರೆ ರೆಕಾರ್ಡ್ ಆಫ್ ರೈಟ್ಸ್. ಮೈಸೂರು ಸಂಸ್ಥಾನದಲ್ಲಿ 1927ರಲ್ಲಿ ಬಂದ ಹಕ್ಕುದಾಖಲೆಯ ಕಾನೂನಿನ ಫಲ ಈ ಪುಸ್ತಕಗಳು. ಮೊದಲನೆಯದು ಸರ್ವೆ ನಂಬರ್ ಕ್ರಮದಲ್ಲಿದ್ದು ಎರಡನೆಯದರ ಯಾವ ನಮೂದನ್ನು ನೋಡಬೇಕೆಂದು ಹೇಳುತ್ತದೆ; ಎರಡನೆಯದು ಹಕ್ಕುದಾರ ಯಾರು, ಹಕ್ಕು ಹೇಗೆ ಬಂತು ಎಂದು ಹೇಳುತ್ತದೆ. 1964ರ ಭೂ ಕಂದಾಯ ಕಾಯ್ದೆಯ ನಂತರದ ಪಹಣಿಗಳಿಗೂ ಅದಕ್ಕೆ ಹಿಂದಿನ ಕಾಲಕ್ಕೂ ನಡುವಿನ ಸೇತುವೆ ಇವೇ.

ಬೇವಿನಮರದ ಹೊಲದ ಕೈಬರಹದ ಪಹಣಿಗಳನ್ನು ಐದೈದು ವರ್ಷದ ಕಂತಿನಲ್ಲಿ ತೆಗೆಸಿದೆ. 9ನೇ ಕಾಲಂನಲ್ಲಿ ತಾತನ ಹೆಸರು. 12ನೇ ಕಾಲಂನಲ್ಲಿ, ಅಂದರೆ ಸಾಗುವಳಿ ಮತ್ತು ಬೆಳೆಯ ವಿವರದಲ್ಲಿ, ಬೇರೊಬ್ಬರ ಹೆಸರು. ಆ ಹೆಸರು ಒಂದೆರಡು ವರ್ಷಕ್ಕೆ ಬಂದು ಹೋದದ್ದಲ್ಲ. ಸಿಕ್ಕ ಅತಿ ಹಳೆಯ ಪುಟದಿಂದ 1974ರವರೆಗೆ ಪ್ರತಿ ಸಾಲಿನಲ್ಲೂ ಅದೇ ಹೆಸರು, ಪಕ್ಕದಲ್ಲಿ ‘ವಾರ’, ಅದರ ಪಕ್ಕ ರಾಗಿ, ಹುರುಳಿ, ಮತ್ತೆ ರಾಗಿ. ಬರೆದ ಕೈ ಮಾತ್ರ ಬದಲಾಗಿತ್ತು, ಶಾಯಿ ಬದಲಾಗಿತ್ತು. ಮುಂದಿನ ಕಂತಿನ ಪುಟದಲ್ಲಿ ತಾತನ ಹೆಸರಿನ ಮೇಲೆ ಕೆಂಪು ಗೀಟು, ಕೆಳಗೆ ಸಾಗುವಳಿದಾರರ ಹೆಸರು, ಭೂ ನ್ಯಾಯಮಂಡಳಿಯ ಆದೇಶದ ನಂಬರ್.

ಇದು ದೇವರಾಜ ಅರಸು ಅವರ ಕಾಲದ ಭೂ ಸುಧಾರಣೆ. 1961ರ ಕಾಯ್ದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿದಾರರ ಕೈಯಲ್ಲಿದ್ದ ಜಮೀನುಗಳೆಲ್ಲ ಆ ದಿನಕ್ಕೆ ಸರ್ಕಾರದಲ್ಲಿ ನಿಹಿತವಾದವು. ಗೇಣಿದಾರರು ಫಾರಂ 7ರಲ್ಲಿ ಅರ್ಜಿ ಹಾಕಿದರು, ತಾಲ್ಲೂಕಿನ ನ್ಯಾಯಮಂಡಳಿ ವಿಚಾರಣೆ ಮಾಡಿತು, ಹಕ್ಕು ಸಿದ್ಧವಾದವರಿಗೆ ಆ ಆದೇಶದ ಮೇಲೆ ತಹಶೀಲ್ದಾರರು ಫಾರಂ 10 ಎಂಬ ಹಕ್ಕಿನ ಪ್ರಮಾಣಪತ್ರ ಕೊಟ್ಟರು. ಆದೇಶದ ನಂಬರ್ ಕೈಯಲ್ಲಿದ್ದರೆ ಆ ಕಡತವನ್ನು ಕೇಳಿ ಪಡೆಯಬಹುದು. ನಾನು ಕೇಳಿದೆ. ‘ಕಡತ ಲಭ್ಯವಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದರು. ಅದನ್ನೇ ಹಿಂಬರಹವಾಗಿ ಬರೆದು ಕೊಡಿ ಎಂದು ಕೇಳಿದ ಮೇಲೆ ಮತ್ತೊಮ್ಮೆ ಹುಡುಕಿದರು, ಬೇರೆ ಗ್ರಾಮದ ಗಂಟಿನಲ್ಲಿ ಸಿಕ್ಕಿತು. ಹಿಂಬರಹ ಕೇಳುವುದು ಜಗಳವಲ್ಲ, ಅರ್ಜಿದಾರನ ಹಕ್ಕು. ಈಗ ಭೂ ಸುರಕ್ಷಾ ಯೋಜನೆಯಲ್ಲಿ ಅಭಿಲೇಖಾಲಯಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುತ್ತಿರುವುದು ನನಗೆ ಬಹಳ ದೊಡ್ಡ ಕೆಲಸವಾಗಿ ಕಾಣುತ್ತದೆ. ಮುಟ್ಟಿದರೆ ಮುರಿಯುವ ಸ್ಥಿತಿಯಲ್ಲಿರುವ ಪುಟಗಳನ್ನು ಕೈಯಾರೆ ಮಗುಚಿದವರಿಗೆ ಅದರ ಬೆಲೆ ಗೊತ್ತು.

ಕಡತ ತೆಳುವಾಗಿತ್ತು. ಅರ್ಜಿ, ನೋಟಿಸು, ಅಕ್ಕಪಕ್ಕದ ಹೊಲದವರ ಹೇಳಿಕೆ, ಕೊನೆಗೆ ತಾತನ ಹೇಳಿಕೆ. ಅರ್ಜಿದಾರರೇ ಬಹಳ ಕಾಲದಿಂದ ಉಳುತ್ತಿದ್ದಾರೆ, ವಾರ ಅಳೆದುಕೊಡುತ್ತಿದ್ದರು, ಅವರ ಹೆಸರಿಗೆ ಮಾಡಲು ತನ್ನ ತಕರಾರಿಲ್ಲ ಎಂದು ಬರೆಸಿ ತಾತ ಸಹಿ ಹಾಕಿದ್ದರು. ಕನ್ನಡದ ಗುಂಡು ಅಕ್ಷರದ, ನಾನು ಮನೆಯ ಹಳೆಯ ಪತ್ರಗಳಲ್ಲಿ ನೋಡಿದ್ದ ಅದೇ ಸಹಿ. ಮೋಸ ಎಂಬ ಮಾತು ನಮ್ಮ ಮನೆಗೆ ಎಲ್ಲಿಂದ ಬಂತೋ. ಹೊಲ ಹೋದ ಸಂಕಟ ತಾತನ ನಂತರದವರ ಬಾಯಲ್ಲಿ ಹಾಗೆ ತಿರುಗಿರಬೇಕು.

ಜೋಡಿಹೊಲದ ಹುಡುಕಾಟ ಉಪನೋಂದಣಿ ಕಚೇರಿಯಿಂದ ಶುರುವಾಯಿತು. ಕೊಂಡದ್ದು ಎಂದ ಮೇಲೆ ಕ್ರಯಪತ್ರ ಇರಬೇಕಲ್ಲ. 2004ರ ಏಪ್ರಿಲ್‌ನಿಂದ ಈಚಿನ ಋಣಭಾರ ಪ್ರಮಾಣಪತ್ರ ಕಂಪ್ಯೂಟರಿನಲ್ಲೇ ಬರುತ್ತದೆ. ಅದಕ್ಕೆ ಹಿಂದಿನದನ್ನು ಸಿಬ್ಬಂದಿ ಸೂಚಿ ಪುಸ್ತಕಗಳಲ್ಲಿ ಕಣ್ಣಾಡಿಸಿ ಬರೆದುಕೊಡುತ್ತಾರೆ. ಎಷ್ಟು ಹಿಂದಕ್ಕೆ ಹೋದರೂ ಆ ನಂಬರಿಗೆ ತಾತನ ಹೆಸರಿನಲ್ಲಿ ಕ್ರಯ ಇರಲಿಲ್ಲ. ಕ್ರಯವಿಲ್ಲ, ದಾನವಿಲ್ಲ, ಪಾಲಿನಲ್ಲಿ ಬಂದದ್ದೂ ಅಲ್ಲ; ಆದರೆ ಖಾತೆ ಇದೆ. ಹಾಗಿದ್ದರೆ ಹಕ್ಕು ಬಂದದ್ದು ಸರ್ಕಾರದ ಆದೇಶದಿಂದ ಎಂದರ್ಥ. ಹಳೆಯ ಮ್ಯುಟೇಷನ್ ನಮೂದಿನಲ್ಲಿ ಉತ್ತರ ಒಂದೇ ಸಾಲಿನಲ್ಲಿತ್ತು: ಇನಾಂ ರದ್ದತಿ ಆದೇಶದ ಪ್ರಕಾರ.

ಪಕ್ಕದ ಊರು ಜೋಡಿ ಗ್ರಾಮವಾಗಿತ್ತು. ಸಂಸ್ಥಾನದ ಕಾಲದಲ್ಲಿ ಇನಾಂದಾರರಿಗೆ ಬಿಟ್ಟುಕೊಟ್ಟ ಊರು. ಅವರು ಸರ್ಕಾರಕ್ಕೆ ಜೋಡಿ ಎಂಬ ಕಡಿಮೆ ಕಂದಾಯ ಕಟ್ಟಿ, ರೈತರಿಂದ ಗೇಣಿ ಪಡೆಯುತ್ತಿದ್ದರು. 1954ರಲ್ಲಿ ವೈಯಕ್ತಿಕ ಮತ್ತು ಇತರ ಇನಾಂಗಳನ್ನು, 1955ರಲ್ಲಿ ಧಾರ್ಮಿಕ ಮತ್ತು ಧರ್ಮಾದಾಯ ಇನಾಂಗಳನ್ನು ರದ್ದುಪಡಿಸುವ ಕಾಯ್ದೆಗಳು ಬಂದವು. ಕಾದಿಂ ಗೇಣಿದಾರರು, ಶಾಶ್ವತ ಗೇಣಿದಾರರು, ಅರೆಶಾಶ್ವತ ಗೇಣಿದಾರರು ಎಂದು ವಿಂಗಡಿಸಿ ಉಳುತ್ತಿದ್ದವರ ಹೆಸರಿಗೆ ಜಮೀನು ದಾಖಲಾಯಿತು. ನಮ್ಮ ತಾತ ಆ ಊರಿನಲ್ಲಿ ಗೇಣಿದಾರ. ಜೋಡಿದಾರರಿಗೆ ಗೇಣಿ ಕಟ್ಟಿದ ರಸೀದಿಗಳ ಉಲ್ಲೇಖ ಆ ಆದೇಶದಲ್ಲಿತ್ತು. ಬೆವರು ಸುರಿಸಿದ್ದು ನಿಜ, ಕೊಂಡದ್ದು ಮಾತ್ರ ಅಲ್ಲ. ಒಂದು ಕಾನೂನಿನಿಂದ ಉಳುವವನಾಗಿ ಭೂಮಿ ಪಡೆದ ಮನುಷ್ಯ, ಇಪ್ಪತ್ತು ವರ್ಷದ ನಂತರ ಇನ್ನೊಂದು ಕಾನೂನಿನ ಮುಂದೆ ಭೂಮಾಲೀಕನಾಗಿ ನಿಂತು, ತನ್ನ ತಕರಾರಿಲ್ಲ ಎಂದು ಸಹಿ ಹಾಕಿದ್ದರು. ಎರಡು ಬೇರೆ ಬೇರೆ ಕಡತಗಳನ್ನು ಒಟ್ಟಿಗೆ ಇಟ್ಟು ಓದಿದಾಗ ತಾತನ ಬಗ್ಗೆ ನನಗೆ ಹುಟ್ಟಿದ ಗೌರವವನ್ನು ಹೇಗೆ ಹೇಳಲಿ.

ಇದನ್ನು ದೊಡ್ಡಪ್ಪನಿಗೆ ಹೇಳುವುದೇ ಕಷ್ಟವಾಯಿತು. ಎಂಬತ್ತು ದಾಟಿದವರು, ಬೇವಿನಮರದ ಹೊಲದ ಬದಿಯಲ್ಲಿ ಹಾದುಹೋಗುವಾಗ ಇಂದಿಗೂ ಮುಖ ತಿರುಗಿಸುವವರು. ನಕಲನ್ನು ಕೈಗಿತ್ತೆ. ಕನ್ನಡಕ ಹಾಕಿಕೊಂಡು ಓದಿದರು, ಸಹಿಯನ್ನು ನೋಡಿದರು.

“ಅಪ್ಪನ ಸಹಿಯೇ. ನಮಗೆ ಒಂದು ಮಾತು ಹೇಳಲಿಲ್ಲವಲ್ಲ.”

“ಆಗ ನೀವು ಊರಿನಲ್ಲಿ ಇರಲಿಲ್ಲವೇನೋ, ದೊಡ್ಡಪ್ಪ.”

“ಇದ್ದೆ. ಕೇಳಲಿಲ್ಲ.”

ಆ ಹೊಲವನ್ನು ಈಗ ಮಾಡುತ್ತಿರುವವರು ಅಂದಿನ ಅರ್ಜಿದಾರರ ಮಗ. ನಾನು ಹೋಗಿ ವಿಷಯ ಹೇಳಿದಾಗ ಅವರು ಒಳಗಿನಿಂದ ಪೆಟ್ಟಿಗೆ ತಂದು, ಪ್ಲಾಸ್ಟಿಕ್ ಚೀಲದೊಳಗೆ ಮಡಿಸಿಟ್ಟ ಫಾರಂ 10 ತೋರಿಸಿದರು. ಮಡಿಕೆಗಳ ಉದ್ದಕ್ಕೂ ಸವೆದು, ಹಿಂದಿನಿಂದ ಬಿಳಿ ಕಾಗದ ಅಂಟಿಸಿದ್ದರು. “ನಮ್ಮಪ್ಪ ಇದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ನೀವು ನೋಡಿ, ಪರವಾಗಿಲ್ಲ” ಎಂದರು. ಅವರ ಮನೆಯಲ್ಲಿ ನಡೆದು ಬಂದ ಮಾತು ಬೇರೆ ಇತ್ತು: ತಾತ ತಾವಾಗಿ ಬಂದು, ಅರ್ಜಿ ಹಾಕು, ನಾನು ಅಡ್ಡ ಬರುವುದಿಲ್ಲ ಎಂದು ಹೇಳಿದ್ದರಂತೆ. ಇದಕ್ಕೆ ಕಾಗದದ ಆಧಾರವಿಲ್ಲ. ಆದರೆ ಕಡತದ ಹೇಳಿಕೆಗೆ ಇದು ಹೊಂದುತ್ತದೆ, ನಮ್ಮ ಮನೆಯ ಮಾತು ಹೊಂದುವುದಿಲ್ಲ. ದಾಖಲೆ ಹುಡುಕುವವರು ಎದುರು ಪಕ್ಷದ ಮನೆಯ ಪೆಟ್ಟಿಗೆಯನ್ನೂ ನೋಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಮೂಲಪತ್ರ ಪಡೆದವರ ಕೈಯಲ್ಲಿರುತ್ತದೆ, ಬಿಟ್ಟುಕೊಟ್ಟವರ ಬಳಿ ಉಳಿಯುವುದು ಬರೀ ಮಾತು.

ಕೆರೆ ಹಿಂದಿನ ಗದ್ದೆಯ ವಿಷಯ ಮನೆಯಲ್ಲಿ ಯಾರೂ ಆಡಿದ್ದೇ ಇಲ್ಲ. ಆರ್.ಆರ್. ಪುಟದಲ್ಲಿ ಅದು ಕಂಡಾಗ ನನಗೆ ಆಶ್ಚರ್ಯವಾಯಿತು: ಒಂದು ಎಕರೆಗೆ ಸ್ವಲ್ಪ ಮೇಲಿನ ತರಿ ಜಮೀನು, ಹಿಂದಿನ ಹಕ್ಕುದಾರರ ಜಾಗದಲ್ಲಿ ಹೆಂಗಸೊಬ್ಬರ ಹೆಸರು, ಅದರ ಮುಂದೆ ಹೆಂಡತಿ ಎಂಬರ್ಥದ ‘ಕೋಂ’ ಸೇರಿಸಿ ಮುತ್ತಾತನ ಹೆಸರು. ಅಂದರೆ ನಮ್ಮ ಮುತ್ತಜ್ಜಿ. ನಮೂದಿನಲ್ಲಿದ್ದ ನೋಂದಣಿ ನಂಬರ್ ಹಿಡಿದು ಪತ್ರದ ದೃಢೀಕೃತ ನಕಲು ತೆಗೆಸಿದೆ. 1930ರ ದಶಕದ ಭೋಗ್ಯಪತ್ರ, ಅಂದರೆ ಸಾಲಕ್ಕೆ ಜಮೀನು ಅಡವಿಟ್ಟ ಪತ್ರ. ಗಂಡ ತೀರಿಕೊಂಡ ಮೇಲೆ ಮೈನರ್ ಮಕ್ಕಳ ಪರವಾಗಿ ಆಕೆ ಗದ್ದೆಯನ್ನು ಸ್ವಾಧೀನ ಸಹಿತ ಬರೆದುಕೊಟ್ಟಿದ್ದರು. ಕಾರಣ ಪತ್ರದಲ್ಲೇ ಇದೆ: ಗಂಡನ ಕೈಸಾಲ ತೀರಿಸಲು, ಬಾಕಿ ಬಿದ್ದ ಕಂದಾಯ ಕಟ್ಟಲು. ಜಗತ್ತಿನ ಮುಗ್ಗಟ್ಟಿನಲ್ಲಿ ಧಾನ್ಯದ ಬೆಲೆ ಕುಸಿದಿದ್ದ ಕಾಲ ಅದು. ಬೆಲೆ ಬಿದ್ದರೂ ಕಂದಾಯ ನಗದಿನಲ್ಲೇ ಕಟ್ಟಬೇಕಿತ್ತು.

ಆ ಪತ್ರವನ್ನು ಓದುವುದಕ್ಕೇ ಬೇರೆ ತಾಳ್ಮೆ ಬೇಕು. ನಡುವೆ ಒಂದು ಕಡೆಯೂ ನಿಲ್ಲದ ಒಂದೇ ವಾಕ್ಯ. ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ಕಾಲುವೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಗದ್ದೆ, ದಕ್ಷಿಣಕ್ಕೆ ಕೆರೆ ಏರಿ. ಹಳೆಯ ಕ್ರಯಪತ್ರಗಳಲ್ಲಾದರೆ ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳ ಪಟ್ಟಿಯೇ ಬರುತ್ತದೆ. ಶಾಸನಗಳ ಕಾಲದಿಂದ ಬಂದ ಮಾತುಗಳು ಉಪನೋಂದಣಿ ಕಚೇರಿಯ ಪುಸ್ತಕದಲ್ಲಿ ಬದುಕಿರುವುದನ್ನು ನೋಡಿದರೆ ಮೈ ಝುಂ ಎನ್ನುತ್ತದೆ. ಕೊನೆಯಲ್ಲಿ ಸಾಕ್ಷಿಗಳ ಹೆಸರು, ಪತ್ರ ಬರೆದವರ ಬಿಕ್ಕಲಂ, ಅಂದರೆ ಸಹಿ. ಮುತ್ತಜ್ಜಿಯ ಹೆಬ್ಬೆಟ್ಟು ನಮಗೆ ಸಿಕ್ಕ ನಕಲಿನಲ್ಲಿ ಇಲ್ಲ. ಕಚೇರಿಯ ಪುಸ್ತಕದಲ್ಲಿ ಪತ್ರವನ್ನು ಕೈಯಿಂದ ನಕಲು ಮಾಡಿದವರು ಆ ಜಾಗದಲ್ಲಿ ‘ಹೆಬ್ಬೆಟ್ಟಿನ ಗುರುತು’ ಎಂದು ಬರೆದು, ಸುತ್ತ ಒಂದು ವೃತ್ತ ಎಳೆದಿದ್ದಾರೆ. ಭೋಗ್ಯ ಬಿಡಿಸಿಕೊಳ್ಳಲಾಗಲಿಲ್ಲ. ಕೆಲವು ವರ್ಷಗಳ ಮೇಲೆ ಅದೇ ಗದ್ದೆ ಶುದ್ಧ ಕ್ರಯವಾಗಿ ಹೋಯಿತು. ಮಕ್ಕಳನ್ನು ಸಾಕಿ ಉಳಿದ ಖುಷ್ಕಿ ಹೊಲವನ್ನು ಕೈಬಿಡದೆ ಕಾಪಾಡಿದ ಆಕೆಯ ಹೆಸರು ನಮ್ಮ ಮನೆಯ ಮಾತಿನಲ್ಲಿ ಎಲ್ಲೂ ಇರಲಿಲ್ಲ.

ಉಳಿದದ್ದು ಸರ್ವೆ ಇಲಾಖೆಯ ದಾಖಲೆ. ಮುಂಬಯಿ ಪ್ರಾಂತ್ಯದ ಪದ್ಧತಿಯನ್ನು ಅನುಸರಿಸಿ ಮೈಸೂರಿನಲ್ಲಿ ಸರ್ವೆ ಆರಂಭವಾದದ್ದು 1863ರಲ್ಲಿ. 33 ಅಡಿಯ ಸರಪಳಿ, ಅದರಲ್ಲಿ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಆದರೆ ಒಂದು ಗುಂಟೆ, ಅಂದರೆ 1,089 ಚದರ ಅಡಿ; 40 ಗುಂಟೆಗೆ ಎಕರೆ. ನಮ್ಮ ಊರಮುಂದಿನ ಹೊಲದ ಮೂಲ ಟಿಪ್ಪಣಿಯ ನಕಲು ಅಂಗೈ ಅಗಲದ್ದು: ನಡುವೆ ಒಂದು ಉದ್ದಗೆರೆ, ಅದರಿಂದ ಎರಡೂ ಬದಿಗೆ ಬಾಂದುಕಲ್ಲಿನತ್ತ ಹೊರಟ ಅಡ್ಡಗೆರೆಗಳು, ಒಂದೊಂದರ ಮೇಲೂ ಸರಪಳಿ ಮತ್ತು ಆಣೆಯ ಅಂಕಿ. ಮೂಲೆಯಲ್ಲಿ ಬಂಡೆಯ ಗುರುತು. ಆ ಬಂಡೆ ಇಂದಿಗೂ ಅಲ್ಲೇ ಇದೆ, ನಾವು ಚಿಕ್ಕವರಿದ್ದಾಗ ಅದರ ಮೇಲೆ ಹುಣಸೆಹಣ್ಣು ಒಣಗಿಸುತ್ತಿದ್ದರು.

ಪ್ರತಿ ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯ ಬರೆದಿರುವ ಆಕಾರ್‌ಬಂದ್ ನೋಡಿದ ಮೇಲೆ ಮನೆಯ ಇನ್ನೊಂದು ತಕರಾರೂ ಬಗೆಹರಿಯಿತು. ಆ ಹೊಲ 4 ಎಕರೆ 12 ಗುಂಟೆ ಎಂದು ಹಿರಿಯರು ಹೇಳುತ್ತಿದ್ದರು, ಉಳುಮೆಯ ಲೆಕ್ಕದಲ್ಲಿ 4 ಎಕರೆ ಮಾತ್ರ ಬರುತ್ತಿತ್ತು, 12 ಗುಂಟೆ ಪಕ್ಕದವರು ಒತ್ತಿದ್ದಾರೆ ಎಂಬ ಗುಮಾನಿ ಇತ್ತು. 12 ಗುಂಟೆ ಖರಾಬು. ಬಂಡೆಯ ಜಾಗ, ಕಂದಾಯ ಕಟ್ಟದ ನೆಲ. ಸಾಗುವಳಿಗೆ ಬಾರದ ಇಂಥದ್ದು ಎ ಖರಾಬು. ಹಳ್ಳ, ದಾರಿ ಮುಂತಾಗಿ ಸಾರ್ವಜನಿಕರಿಗೆ ಬಿಟ್ಟದ್ದು ಬಿ ಖರಾಬು. ಕಂದಾಯದ ಅಂಕಿಯಲ್ಲೂ ಇಂಥದೇ ಗೊಂದಲ ಬರುತ್ತದೆ. ಹಳೆಯ ಪುಟದಲ್ಲಿ 4-11-0, ಆಮೇಲಿನದರಲ್ಲಿ 4.69. ನಾಲ್ಕು ರೂಪಾಯಿ ಹನ್ನೊಂದು ಆಣೆಯನ್ನು 1957ರ ದಶಮಾಂಶ ನಾಣ್ಯಕ್ಕೆ ತಿರುಗಿಸಿದರೆ ಅಷ್ಟೇ ಆಗುತ್ತದೆ, ಹೊಲ ಬೇರೆಯಲ್ಲ.

ಇಷ್ಟು ಓದಿಕೊಂಡು ಪೌತಿ ಖಾತೆಗೆ ಮರಳಿದಾಗ ವಂಶವೃಕ್ಷ ಬರೆಯಬೇಕಾಯಿತು. ಊರಿನಲ್ಲಿ ಸುಲಭಕ್ಕೆಂದು ಗಂಡುಮಕ್ಕಳ ಹೆಸರಷ್ಟೇ ಬರೆಯುವುದು, ಸೋದರತ್ತೆಯರನ್ನು ಬಿಡುವುದು ನಡೆದೇ ಇದೆ. ತಂದೆಯ ಪಾಲಿನಲ್ಲಿ ಹೆಣ್ಣುಮಕ್ಕಳಿಗೆ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೇ ಹಕ್ಕಿದೆ. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದ ಬರುವ ಹಕ್ಕನ್ನು 1994ರಲ್ಲಿ ಕರ್ನಾಟಕ, ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅತ್ತೆಯರ ಹೆಸರು ಬಿಟ್ಟು ಸಹಿ ಹಾಕುವುದಿಲ್ಲ ಎಂದು ನಾನು ಮನೆಯಲ್ಲಿ ಹೇಳಿದೆ. ಒಂದಿಬ್ಬರು ಗೊಣಗಿದರು. ಮುತ್ತಜ್ಜಿಯ ಭೋಗ್ಯಪತ್ರದ ನಕಲನ್ನು ಎಲ್ಲರಿಗೂ ಓದಿ ಹೇಳಿದೆ. ವಾದ ಅಲ್ಲಿಗೆ ಮುಗಿಯಲಿಲ್ಲ, ಹಲವು ದಿನ ನಡೆಯಿತು. ದೊಡ್ಡಪ್ಪ ಪಟ್ಟಿಗೆ ಮೊದಲು ಸಹಿ ಹಾಕಿದ ಮೇಲೆ ಉಳಿದವರೂ ಹಾಕಿದರು.

ಅರ್ಜಿ ಹೋಗಿದೆ. ಜೋಡಿಹೊಲಕ್ಕೆ ಪೋಡಿ (ಅಳೆದು ನಂಬರ್ ಬೇರ್ಪಡಿಸುವುದು) ಆಗಬೇಕು, ಸರ್ವೆಯವರು ಅಳತೆಗೆ ಬರಬೇಕು. ತೆಗೆಸಿದ ಎಲ್ಲಾ ನಕಲುಗಳನ್ನು ಸರ್ವೆ ನಂಬರ್ ಪ್ರಕಾರ ಬೇರೆ ಬೇರೆ ಫೈಲ್ ಮಾಡಿ, ಮೂರು ಪ್ರತಿ ತೆಗೆದು, ಒಂದನ್ನು ದೊಡ್ಡಪ್ಪನ ಮನೆಗೆ, ಒಂದನ್ನು ಹಿರಿಯ ಅತ್ತೆಯ ಮನೆಗೆ ಕೊಟ್ಟಿದ್ದೇನೆ. ಬೇವಿನಮರದ ಹೊಲದ ಫೈಲಿನ ಒಂದು ಪ್ರತಿಯನ್ನು ಅದನ್ನು ಉಳುತ್ತಿರುವವರಿಗೂ ಕೊಟ್ಟೆ. ಸವೆದ ಫಾರಂ 10ರ ಜೊತೆಗೆ ಈಗ ಅವರ ಪೆಟ್ಟಿಗೆಯಲ್ಲಿ ನ್ಯಾಯಮಂಡಳಿಯ ಆದೇಶದ ದೃಢೀಕೃತ ನಕಲೂ ಇದೆ.